ಒಂಟಿ ಮನೆಯ ಪಕ್ಕದ ಸೈಟು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವ ಅವಳಿಗೆ ಮನುಷ್ಯರ ಮೇಲೆ ಅಂಥ ಗೌರವವೇನೂ ಉಳಿದಿರಲಿಲ್ಲ. ಒಳಗೆ ಎಲ್ಲರದೂ ಅದೇ ಎಲುಬಿನ ಗೂಡು. ಹೊರಗೆ ಮಾತ್ರ ಏನು ಜಂಭ! ಅದರಲ್ಲೂ ಅಕ್ಕನ ಗಂಡನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಭಾವ ಊರಾಚೆ ಒಂದು ಮನೆ ಕಟ್ಟಿಸಿದ್ದ. ಅಂದಿನಿಂದ ಲೋಕಕ್ಕೆಲ್ಲ ಮನೆ ಕಟ್ಟುವುದನ್ನು ಕಲಿಸಲೆಂದೇ ಹುಟ್ಟಿದವನಂತೆ ಆಡುತ್ತಿದ್ದ. "ಅರ್ಧ ಖರ್ಚಲ್ಲಿ ಮುಗಿಸ್ದೆ" ಎನ್ನುವುದು ಅವನ ಪಲ್ಲವಿ. ಆ ಅರ್ಧ ಖರ್ಚಿನ ಮನೆಯ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮಂಚವನ್ನು ಹಗ್ಗ ಕಟ್ಟಿ ಕಿಟಕಿಯಿಂದ ಎಳೆದುಕೊಂಡಿದ್ದರು. ಬಚ್ಚಲಿನ ಬಾಗಿಲು ಹಾಕಬೇಕಾದರೆ ಒಳಗಿದ್ದವರು ಬಕೆಟ್ಟನ್ನು ತಲೆಯ ಮೇಲೆ ಹೊರಬೇಕು. ಆದರೂ ಅಕ್ಕ, "ನಮ್ಮನೆಯವರು ಏನು ಮಾಡಿದ್ರೂ ಅಳೆದು ತೂಗಿಯೇ ಮಾಡೋದು" ಎಂದು ನಾಲ್ಕು ಜನರೆದುರು ಬೀಗುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಕಟ್ಟಿಸಿದವರಿಗೆ ಹೆಗ್ಗಣದ ಬಿಲವೂ ಮುದ್ದು.

ಇನ್ನು ಅವಳ ಸ್ವಂತ ಗಂಡನೋ, ಶಾಲೆಯಲ್ಲಿ ಚಿತ್ರದ ಮೇಷ್ಟ್ರು. ಮದುವೆಯಾದಾಗಿನಿಂದ ಅವನು ಕಾಗದದ ಮೇಲೆ ಮನೆ ಕಟ್ಟುತ್ತಲೇ ಇದ್ದ. ಕಮಾನು, ಬಾಲ್ಕನಿ, ಬಾಲ್ಕನಿಗೊಂದು ಬಳ್ಳಿ, ಬಳ್ಳಿಯ ಮೇಲೊಂದು ಹಕ್ಕಿ. ಅಡುಗೆಮನೆಯ ಹೊಗೆ ಎಲ್ಲಿಂದ ಹೋಗಬೇಕು ಎಂದು ಕೇಳಿದರೆ ಸುಮ್ಮನೆ ಹಕ್ಕಿಯ ರೆಕ್ಕೆ ತಿದ್ದುತ್ತ ಕೂರುತ್ತಿದ್ದ.

ಅವರಿದ್ದದ್ದು ಮಹಡಿಯ ಮೇಲಿನ ಎರಡು ಬಾಡಿಗೆ ಕೋಣೆಗಳಲ್ಲಿ. ಕೆಳಗಿದ್ದ ಮಾಲೀಕ ಒಂದು ಬೆಳಿಗ್ಗೆ, ಮಗನ ಮದುವೆ ಗೊತ್ತಾಗಿದೆ, ಮನೆ ಖಾಲಿ ಮಾಡಿಕೊಡಿ ಎಂದ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭಾವ ಮೆಟ್ಟಿಲು ಹತ್ತಿ ಬಂದ.

"ಬಾಡಿಗೆ ಕಟ್ಟೋದು ತೂತು ಮಡಕೆಗೆ ನೀರು ಹೊಯ್ದ ಹಾಗೆ ಕಣಮ್ಮಾ. ಈಗ ಒಂದೊಳ್ಳೆ ಬಡಾವಣೆ ಬಂದಿದೆ. ಅಗ್ಗದ ಜಾಗ. ಭಾನುವಾರ ಅವರದೇ ವ್ಯಾನು, ಊಟಾನೂ ಪುಕ್ಕಟೆ."

"ಪುಕ್ಕಟೆ ಊಟ ಹಾಕೋರು ಸುಮ್ನೆ ಹಾಕ್ತಾರಾ ಭಾವ?"

"ನೋಡಪ್ಪ, ಇವಳ ನಾಲಿಗೆ!" ಎಂದು ಭಾವ ಷಡ್ಡಕನ ಹೆಗಲು ತಟ್ಟಿದ. ಮೇಷ್ಟ್ರ ಕಣ್ಣಲ್ಲಿ ಆಗಲೇ ಬಾಲ್ಕನಿ ಎದ್ದಿತ್ತು.

ಭಾನುವಾರ ವ್ಯಾನು ಅವರನ್ನು ಒಂದು ಬಯಲಲ್ಲಿ ಇಳಿಸಿತು. ಬಣ್ಣ ಬಳಿದ ಗೂಟಗಳು, ಜಲ್ಲಿ ಚೆಲ್ಲಿದ ರಸ್ತೆ, ನಡುವೆ ಹಲ್ಲು ಬಿದ್ದ ಬಾಯಲ್ಲಿ ಉಳಿದ ಒಂದು ಹಲ್ಲಿನಂತೆ ಒಂದೇ ಒಂದು ಮನೆ. ಟೈ ಕಟ್ಟಿದ ಮಾರಾಟದವನು ಗಾಳಿಗೆ ಬೆರಳು ತೋರಿಸಿ, "ಇಲ್ಲಿ ಶಾಲೆ, ಅಲ್ಲಿ ಪಾರ್ಕು, ಅದರಾಚೆ ಬಸ್ ಸ್ಟಾಂಡು" ಎಂದು ಊರನ್ನೇ ಕಟ್ಟಿಬಿಟ್ಟ. ಅವನು ಬಾಯಿ ತೆರೆಯುವ ಮೊದಲೇ ಭಾವ "ಹೌದೌದು" ಅನ್ನುತ್ತಿದ್ದ. ವ್ಯಾನಿನಲ್ಲಿ ಜೊತೆಗೆ ಬಂದಿದ್ದ ಹೊಸ ಮದುವೆಯ ಜೋಡಿಯೊಂದು ಬೆರಳು ಹೋದ ಕಡೆಗೆಲ್ಲ ಕತ್ತು ತಿರುಗಿಸುತ್ತಿತ್ತು.

"ಸಾರ್ ಕರ್ಕೊಂಡು ಬಂದವರಿಗೆ ಸ್ಪೆಷಲ್ ಕಾರ್ನರ್ ಸೈಟು" ಎಂದ ಟೈನವನು. ಭಾವ ತಕ್ಷಣ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದ. ಅವನು ಹಾಕಿಕೊಂಡಿದ್ದದ್ದು ಚಪ್ಪಲಿ.

ಭಾವನಿಗೂ ಇದರಲ್ಲಿ ಪಾಲಿದೆ ಎಂದು ತಿಳಿಯಲು ಅವಳಿಗೆ ಅಷ್ಟು ಸಾಕಾಗಿತ್ತು. ನೀರು ಕುಡಿಯುವ ನೆಪ ಮಾಡಿ ಆ ಒಂಟಿ ಮನೆಯ ಬಾಗಿಲು ತಟ್ಟಿದಳು. ಬಾಗಿಲ ಹಿಂದೆಯೇ ಕಾದು ನಿಂತಿದ್ದಳೋ ಎಂಬಂತೆ ಒಬ್ಬ ಹೆಂಗಸು ತೆರೆದು, ಕೈಹಿಡಿದು ಒಳಗೆ ಕರೆದಳು.

"ಸೈಟು ನೋಡೋಕೆ ಬಂದ್ರಾ? ಪಕ್ಕದ್ದೇ ತಗೊಳ್ಳಿ ಅಕ್ಕಾ. ಒಳ್ಳೆ ಗಾಳಿ, ಒಳ್ಳೆ ಜನ."

"ಜನ ಎಲ್ಲಿದ್ದಾರೆ?"

"ಬರ್ತಾರಲ್ಲಾ."

"ನೀರು ಹೇಗೆ?"

"ಅಯ್ಯೋ, ಸಕ್ಕರೆ ಸಕ್ಕರೆ! ದಿನವಿಡೀ ಬರುತ್ತೆ."

ಕೈ ತೊಳೆದುಕೊಳ್ಳುತ್ತೇನೆಂದು ಅವಳು ಬಚ್ಚಲಿಗೆ ಹೋದಳು. ಗೋಡೆಯುದ್ದಕ್ಕೂ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ನಲ್ಲಿಯ ಬಾಯಿಗೆ ಜೇಡ ಬಲೆ ಹೆಣೆದಿತ್ತು. ಅವಳು ಒಣ ಕೈಯಲ್ಲೇ ಹೊರಬಂದಳು.

"ನಿಮ್ಮ ಸಕ್ಕರೆಗೆ ಇರುವೆ ಮುತ್ತಿಲ್ಲ, ಜೇಡ ಮುತ್ತಿದೆ."

ಹೆಂಗಸು ಗೋಡೆಗೊರಗಿ ಕೂತಳು.

"ಟ್ಯಾಂಕರ್ ತರಿಸ್ತೀವಿ. ಹತ್ತು ಮನೆ ಆದ್ರೆ ಪೈಪು ಹಾಕ್ತಾರಂತೆ. ಒಂದು ಮನೆಗೆ ಯಾರು ಹಾಕ್ತಾರೆ ಹೇಳಿ? ಇವರು ಕೆಲಸಕ್ಕೆ ಹೋದ್ರೆ ಸಂಜೆ ತನಕ ನನಗೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ನಮಗೂ ಹಿಂಗೇ ಹೇಳಿ ಮಾರಿದ್ರು."

"ಅದಕ್ಕೆ ದಡದ ಮೇಲಿರೋರ ಕಾಲು ಎಳೀತೀರಾ?"

"ಎಳೀತೀನಿ" ಎಂದಳು ಹೆಂಗಸು, ತಲೆಯೆತ್ತಿ. "ಒಬ್ಬಳೇ ಮುಳುಗೋಕೆ ಭಯ ಆಗುತ್ತೆ."

ಅಷ್ಟು ನೇರವಾದ ಮಾತನ್ನು ಅವಳು ಆ ದಿನ ಬೇರೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಹೊರಟು ಬಂದಳು. ಬರುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ವ್ಯಾನಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮಗೆ ಬೇಡ. ಇಲ್ಲಿ ನೀರಿಲ್ಲ."

"ಎಲ್ಲದರಲ್ಲೂ ಮೂಳೆ ಹುಡುಕೋ ಚಟ ನಿಂಗೆ" ಎಂದ ಭಾವ.

"ಮೂಳೆ ಇರೋ ಕಡೆ ಹುಡುಕ್ತೀನಿ ಭಾವ. ನಿಮ್ಮ ಹತ್ರ ಬಂದು ಹುಡುಕಿದ್ನಾ?"

ಹೊಸ ಮದುವಣಗಿತ್ತಿ ಹಿಂದಿನ ಸೀಟಿನಿಂದ, "ನಾವೂ ಹೋಗಿ ಕೇಳಿದ್ವಿ, ಆ ಮನೆಯವರು ನೀರಿದೆ ಅಂದ್ರಲ್ಲ?" ಎಂದಳು.

"ನಲ್ಲಿ ತಿರುಗಿಸಿ ನೋಡಿ ಬಾ ತಾಯಿ. ವ್ಯಾನು ಕಾಯುತ್ತೆ."

ಹುಡುಗಿ ಇಳಿಯಲಿಲ್ಲ. "ಕೊಳ್ಳೋಕಾಗದವರಿಗೆ ಹೊಟ್ಟೆಕಿಚ್ಚು" ಎಂದು ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. ಪಿಸುಮಾತು ಡ್ರೈವರನ ತನಕ ಕೇಳಿಸಿತು. ಕಾರ್ನರ್ ಸೈಟು ಆ ಜೋಡಿಯ ಪಾಲಾಯಿತು. ಒಂಟಿ ಮನೆಯವಳಿಗೆ ಕೊನೆಗೂ ನೆರೆಯವರು ಸಿಕ್ಕರು.

ಮೇಷ್ಟ್ರು ವಾರವಿಡೀ ಮುಖ ಊದಿಸಿಕೊಂಡಿದ್ದ. "ನಿನಗೆ ಯಾವುದೂ ಹಿಡಿಸಲ್ಲ. ನಾವು ಬೀದಿಗೆ ಬೀಳ್ತೀವಿ ಅಷ್ಟೆ" ಎಂದ. ಅವಳು ಮಾರುತ್ತರ ಕೊಡದೆ, ಆಸ್ಪತ್ರೆಯ ನಿವೃತ್ತ ಹೆಡ್ ನರ್ಸಿನ ಮನೆಗೆ ಕರೆದೊಯ್ದಳು. ಅವರ ಹಿತ್ತಲಲ್ಲಿ ಉದ್ದಕ್ಕೆ ರಿಬ್ಬನ್ನಿನಂತೆ ಒಂದು ಪಟ್ಟಿ ಜಾಗ ಮಾರಾಟಕ್ಕಿತ್ತು. ದಾರಿಯಿತ್ತು, ಬಾವಿಯಿತ್ತು, ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಅವಳು ಮೂರು ಸಲ ತಿರುಗಿಸಿ ನೋಡಿದ್ದಳು.

"ಇಷ್ಟರಲ್ಲಿ ಬಾಲ್ಕನಿ ಎಲ್ಲಿ ಬರುತ್ತೆ?" ಮೇಷ್ಟ್ರ ದನಿ ಅಳುಬುರುಕಾಗಿತ್ತು.

"ಬಾಲ್ಕನೀಲಿ ಮಲಗ್ತೀರಾ? ಮೊದಲು ಒಂದು ಕೋಣೆ, ಅಡುಗೆಮನೆ, ಬಚ್ಚಲು. ಉಳಿದದ್ದು ಕೈಯಲ್ಲಿ ಕಾಸಾಡಿದಾಗ."

ಅವನು ಗೊಣಗುತ್ತಲೇ ಅಳತೆಪಟ್ಟಿ ಹಿಡಿದ. ಆದರೆ ಮೇಸ್ತ್ರಿ ಗೋಡೆಯನ್ನು ಒಂದು ಗೇಣು ಒಳಗೆ ಎಳೆದಾಗ ಜಗಳವಾಡಿ ಹೊರಗೆ ತಳ್ಳಿಸಿದವನು ಅವನೇ. ಕೆಡವಿದ ಹಳೇ ಶಾಲೆಯೊಂದರ ಬಾಗಿಲು ಕಿಟಕಿಗಳನ್ನು ಅಗ್ಗಕ್ಕೆ ಹುಡುಕಿ ತಂದವನೂ ಅವನೇ. ಹೊಗೆ ಹೋಗುವ ಕಿಂಡಿಯನ್ನು ಕೇಳದೆಯೇ ಬಿಡಿಸಿದ. ಅವಳು "ಪರವಾಗಿಲ್ಲ" ಎಂದಳು. ಆ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದನ್ನು ಯಾರೂ ಕೇಳಿಲ್ಲ.

ಗಿಲಾವು ಇಲ್ಲದ ಗೋಡೆಗಳ ನಡುವೆಯೇ ಒಕ್ಕಲಾದರು. ಭಾವ, ಅಕ್ಕ ನೋಡಲು ಬಂದರು. ಭಾವ ಬಾಗಿಲಲ್ಲೇ ನಿಂತು, "ಇದೇನಮ್ಮಾ, ಮನೆಯೋ ರೈಲು ಡಬ್ಬಿಯೋ?" ಎಂದ.

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಹೇಳಿದ, "ರೈಲೇ ಅಣ್ಣ. ಟಿಕೆಟ್ ಇದ್ರೆ ಹತ್ತಿ, ಇಲ್ಲಾಂದ್ರೆ ಅಲ್ಲೇ ನಿಂತಿರಿ."

ಅವಳು ಗಂಡನ ಕಡೆ ತಿರುಗಿ ನೋಡಿದಳು. ಮದುವೆಯಾದ ಮೇಲೆ ಮೊದಲ ಸಲ ಅವನ ಮಾತಿಗೆ ಅವಳಿಗೆ ನಗು ಬಂತು. ಆದರೆ ಭಾವನ ಎದುರು ನಕ್ಕರೆ ಗಂಡನಿಗೆ ಅತಿಯಾಗಿ ಮರ್ಯಾದೆ ಕೊಟ್ಟಂತಾಗುತ್ತದೆಂದು, ಒಲೆ ಹೊತ್ತಿಸಲು ಒಳಗೆ ಹೋದಳು.