ಪಾತಾಳದಲ್ಲಿ ಖಾಲಿ ತಾಟು

ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. ಆರಿಸುವ ಕೆಲಸ ಶ್ವೇತಾಳ ಪಾಲಿಗೆ ಬಂದಿತ್ತು.

ಅವಳ ಗಂಡ ಮೃತ್ಯುಂಜಯನದು ಹಿರೇಕೆರೂರಿನಲ್ಲಿ ಬೀಜದ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಯವರಿಗೆಲ್ಲ ಕಂಪನಿ ಈ ಸಲ ಶಿಗ್ಗಾವಿ ಆಚೆ ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಎದ್ದ ಥೀಮ್ ಪಾರ್ಕ್ ರೆಸಾರ್ಟಿನಲ್ಲಿ ಎರಡು ದಿನ ಇರಲು ವ್ಯವಸ್ಥೆ ಮಾಡಿತ್ತು. ಮನೆಮಂದಿಯನ್ನೂ ಕರೆತರಬಹುದಿತ್ತು. ಬೆಳಿಗ್ಗೆ ಮೀಟಿಂಗಿಗೆ ಹೊರಟವನು ಊಟದ ಕೂಪನ್ನು ಅವಳ ಕೈಗಿಟ್ಟು ಹೇಳಿದ್ದ:

"ಯಾವ ಹೋಟೆಲ್ ಬೇಕು ನೀನ ಆರಿಸು. ಆದ್ರ ಅವ್ವನ ಊಟದ ಹೊತ್ತು ಹೆಚ್ಚುಕಮ್ಮಿ ಆಗಬಾರ್ದು ನೋಡು. ಇನ್ಸುಲಿನ್ ಚುಚ್ಚಿಕೊಂಡಮ್ಯಾಲ ಹೊಟ್ಟಿಗೆ ಏನೂ ಬೀಳಲಿಲ್ಲಂದ್ರ ಸಕ್ಕರಿ ಇಳದು ಜೀವಕ್ಕ ಬರ್ತತಿ. ನಿನ್ನ ಮ್ಯಾಲ ಬಿಟ್ಟು ಹೊಂಟೇನಿ."

ಮದುವೆಯಾಗಿ ನಾಲ್ಕು ತಿಂಗಳು. ಇಷ್ಟು ದೊಡ್ಡದನ್ನು ಅವನು ಅವಳ ಮೇಲೆ ಬಿಟ್ಟದ್ದು ಇದೇ ಮೊದಲು.

ಕೂಪನ್ನಿನ ಹಿಂದೆ ಮೂರು ಚಿತ್ರಗಳಿದ್ದವು. ಕೆರೆಯ ಮೇಲೆ ನಿಂತ ಹಡಗು. ಗೋಡೆಯೆಲ್ಲ ಗಾಜಿನ ಅರಮನೆ. ಮೂರನೆಯದು ನೆಲದಡಿಯ ಗುಹೆ, ಅದರ ಹೆಸರು 'ಪಾತಾಳ'. ಶ್ವೇತಾಳ ಬೆರಳು ತಾನಾಗಿಯೇ ಮೂರನೆಯದರ ಮೇಲೆ ಹೋಗಿ ನಿಂತಿತು. ಆಡೂರಿನ ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದ ಹುಡುಗಿ ಅವಳು. ಅಜ್ಜಿಯ ಕಥೆಯಲ್ಲಿ ನೆಲ ಬಿರಿಯುತ್ತಿತ್ತು, ಮೆಟ್ಟಿಲು ಇಳಿಯುತ್ತಿದ್ದವು, ಕೆಳಗೆ ನಾಗಕನ್ಯೆಯರು ಬಂಗಾರದ ತಟ್ಟೆಯಲ್ಲಿ ಊಟ ಬಡಿಸುತ್ತಿದ್ದರು.

"ಅತ್ತೀ, ಇಲ್ಲಿಗೆ ಹೋಗೋಣೇನ್ರಿ?"

ನಾಗವ್ವ ಕನ್ನಡಕ ಏರಿಸಿ ನೋಡಿದಳು. "ಜೀವ ಇರೂವಾಗನ ನನ್ನ ಪಾತಾಳಕ್ಕ ಕಳಸ್ತೀ ಏನವಾ? ಅಲ್ಲೇ ಗೇಟಿನ ಹತ್ರ ಕ್ಯಾಂಟೀನದಾಗ ರೊಟ್ಟಿ ಊಟ ಐತಂತ."

"ಅಲ್ಲಿ ಈ ಕೂಪನ್ ನಡಿಯಂಗಿಲ್ರಿ."

"ಆತು ಬಿಡು. ಸೊಸಿ ಕರದಲ್ಲಿಗೆ ಹೋಗದಿದ್ರ ಜಗಳಗಂಟಿ ಅತ್ತಿ ಅಂತಾರ," ಎಂದು ನಕ್ಕು ನಾಗವ್ವ ಎದ್ದಳು.

ಗುಹೆಯ ಬಾಗಿಲಲ್ಲೇ ಮೊಬೈಲುಗಳನ್ನು ಇಸಿದುಕೊಂಡು ಪೆಟ್ಟಿಗೆಯಲ್ಲಿಟ್ಟರು. ಒಳಗೆ ಬೆಳಕು ಕಡಿಮೆ, ಗೋಡೆಗೆಲ್ಲ ಸಿಮೆಂಟಿನ ಬಂಡೆ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಮೇಜಿನ ಮೇಲೆ ಒಂದೇ ಒಂದು ಸಣ್ಣ ದೀಪ. ದೂರದ ಮೇಜೊಂದರಲ್ಲಿ ಇನ್ಯಾರೋ ಇಬ್ಬರು ಕೂತಿದ್ದರು, ಮುಖ ಕಾಣುತ್ತಿರಲಿಲ್ಲ. ಕರಿ ಕೋಟು ತೊಟ್ಟ ಮುಬಶೀರ ಎಂಬ ಬಡಿಸುವವನು ಬಂದು, ತಾನು ಸವಣೂರಿನವನೆಂದು ಹೇಳಿ, ಬಾಗಿ ನಮಸ್ಕರಿಸಿ, ಇಬ್ಬರ ಮುಂದೆಯೂ ಬಂಗಾರದ ಅಂಚಿನ ದೊಡ್ಡ ತಾಟುಗಳನ್ನು ಇಟ್ಟು ಹೋದ.

ಶ್ವೇತಾ ಮೇಲೆ ನೋಡುತ್ತಿದ್ದಳು. ಛಾವಣಿಯಲ್ಲಿ ಹೆಡೆಯೆತ್ತಿದ ಹಾವುಗಳ ಕೆತ್ತನೆ ಇತ್ತು. ಬಂಗಾರದ ತಟ್ಟೆ, ಹಾವು, ಮೆಟ್ಟಿಲು, ಎಲ್ಲ ಅಜ್ಜಿ ಹೇಳಿದಂತೆಯೇ. ಅವಳು ಆ ಲೋಕಕ್ಕೆ ಹೊರಟೇಹೋದಳು.

ಮನೆಯಲ್ಲಿ ಒಂದು ರೂಢಿಯಿತ್ತು. ರೊಟ್ಟಿ, ಪಲ್ಯ, ಅನ್ನ, ಸಾರು ಎಲ್ಲವನ್ನೂ ತುಂಬಿಯೇ ಶ್ವೇತಾ ಅತ್ತೆಯ ಮುಂದೆ ತಾಟು ಇಡುತ್ತಿದ್ದಳು. ತಾಟಿನ ಸದ್ದು ಕೇಳಿದೊಡನೆ ನಾಗವ್ವ ಗೋಡೆಗೆ ಮುಖ ಮಾಡಿ, ಸೆರಗಿನ ಮರೆಯಲ್ಲಿ ಹೊಟ್ಟೆಗೆ ಇನ್ಸುಲಿನ್ ಪೆನ್ನು ಒತ್ತಿಕೊಂಡು, ತಿರುಗಿ ತುತ್ತು ಮುರಿಯುತ್ತಿದ್ದಳು. ತಾಟು ಬಂತೆಂದರೆ ಊಟ ಬಂತು ಅಂತಲೇ ಅರ್ಥ.

ಮುಬಶೀರ ಮರಳಿ ಬಂದು ಖಾಲಿ ತಾಟುಗಳನ್ನು ಎತ್ತಿಕೊಂಡ. "ಇವು ಬರೇ ಅಲಂಕಾರಕ್ಕ ಇಡೋದ್ರೀ ಅಮ್ಮಾರ. ಊಟ ಒಂದೊಂದ ಐಟಂ ಬರ್ತತ್ರಿ. ಒಟ್ಟು ಒಂಬತ್ತು."

ನಾಗವ್ವ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಕರೆದ ಮನೆಯಲ್ಲಿ ಕೈ ಚಾಚಿ ಊಟ ಕೇಳಿದವಳಲ್ಲ ಅವಳು.

ಮೊದಲು ಚಮಚೆಯಷ್ಟು ಸವತೆಕಾಯಿ ಬಂತು, ಅದರ ಮೇಲೆ ನೊರೆ. ಅದನ್ನು ವಿವರಿಸಲು ಮುಬಶೀರನಿಗೆ ತಿನ್ನುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಬೆರಳುದ್ದದ ಬಟ್ಟಲಲ್ಲಿ ತಿಳಿ ಸಾರು ಬಂತು. ಮತ್ತೆ ಯಾರೂ ಇಲ್ಲ.

"ಹಸಿವಾತೇನ್ರಿ ಅತ್ತೀ?" ಎಂದು ಶ್ವೇತಾ ಒಮ್ಮೆ ಕೇಳಿದಳು.

"ಬರ್ತತಿ ಬಿಡು," ಎಂದಳು ನಾಗವ್ವ. ದನಿ ದಪ್ಪಗಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಎದುರಿನ ಕತ್ತಲಿಂದ ಬೇರೆಯದೇ ದನಿ ಬಂತು. ಎಳೆದೆಳೆದು ಆಡಿದಂಥ, ಚಿಕ್ಕ ಹುಡುಗಿಯದಂಥ ದನಿ.

"ಗೌರಿ... ಬಾವಿ ಕಟ್ಟಿ ಮ್ಯಾಲ ಯಾಕ ಕುಂತೀ? ಇಳಿ. ಅಪ್ಪ ಬೈತಾನ."

ಗೌರಿ ನಾಗವ್ವನ ಅಕ್ಕ. ನಲವತ್ತು ವರ್ಷದ ಹಿಂದೆ ಬಾವಿಗೆ ಬಿದ್ದು ಸತ್ತವಳು. ಗಂಡ ಒಮ್ಮೆ ಹೇಳಿದ್ದು ಬಿಟ್ಟರೆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

"ಅತ್ತೀ?"

ನಾಗವ್ವ ನಕ್ಕಳು. ಆ ನಗು ಅವಳದಾಗಿರಲಿಲ್ಲ. ದೀಪದ ಬೆಳಕಿನಲ್ಲಿ ಕಣ್ಣು ಶ್ವೇತಾಳನ್ನು ದಾಟಿ ಹಿಂದಿನ ಬಂಡೆಯನ್ನು ನೋಡುತ್ತಿತ್ತು.

ಅಜ್ಜಿ ಹೇಳಿದ್ದಳಲ್ಲ, ಮೈಮೇಲೆ ಬಂದದ್ದನ್ನು ಕೆಣಕಬಾರದು, ಓಡಬಾರದು, ಮೊದಲು ಹೆಸರು ಕೇಳಬೇಕು ಅಂತ. ಶ್ವೇತಾ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಪಿಸುಗುಟ್ಟಿದಳು: "ನೀ ಯಾರು? ನಮ್ಮ ಅತ್ತೀ ಮೈಯಾಗ ಯಾಕ ಬಂದೀ?"

ಅವಳು ಕಾದಳು. ಮತ್ತೆ ಕೇಳಿದಳು. ಎಷ್ಟು ಹೊತ್ತು ಹೀಗೆ ಕೂತಳೋ ಅವಳಿಗೇ ತಿಳಿಯಲಿಲ್ಲ. ನಾಗವ್ವನ ತಲೆ ಮೆಲ್ಲಗೆ ಒಂದು ಕಡೆ ವಾಲಿತು, ಕೈ ಜಾರಿ ಶ್ವೇತಾಳ ಕೈಮೇಲೆ ಬಿತ್ತು.

ಆ ಕೈ ತೊಯ್ದಿತ್ತು. ನೀರಿನಲ್ಲಿ ಅದ್ದಿ ತೆಗೆದಂತೆ ಬೆವರು, ಐಸಿನಂಥ ತಂಪು. ಕೈ ಬಿದ್ದ ರಭಸಕ್ಕೆ ಮೇಜಿನ ಮೇಲಿನದೇನೋ ಉರುಳಿತು. ದೀಪ ಹತ್ತಿರ ತಂದು ನೋಡಿದಳು. ಇನ್ಸುಲಿನ್ ಪೆನ್ನಿನ ಮುಚ್ಚಳ.

ದೆವ್ವ ಯಾವುದೂ ಇರಲಿಲ್ಲ. ಚುಚ್ಚಿಕೊಂಡಾಗಿತ್ತು, ಊಟ ಬಂದಿರಲಿಲ್ಲ. ಅತ್ತೆ ಸಾಯುತ್ತಿದ್ದಾಳೆ, ನಾನು ಎದುರಿಗೆ ಕೂತು ಅವಳ ಹೆಸರು ಕೇಳುತ್ತಿದ್ದೇನೆ.

"ಯಾರರ ಬರ್ರೀ! ಸಕ್ಕರಿ ಕೊಡ್ರೀ!"

ದೂರದ ಮೇಜು ಯಾವಾಗಲೋ ಬರಿದಾಗಿತ್ತು. ಮುಬಶೀರ ಬಂದು ಹೋಗುತ್ತಿದ್ದ ಕಡೆಗೆ ಓಡಿದಳು. ಬಾಗಿಲೇ ಇಲ್ಲ. ಅಡುಗೆಮನೆಯ ಬಾಗಿಲಿಗೂ ಬಂಡೆಯ ಬಣ್ಣವನ್ನೇ ಬಳಿದಿದ್ದರು. ಸಿಮೆಂಟಿನ ಕಲ್ಲುಗಳನ್ನು ಒಂದೊಂದಾಗಿ ತಡವಿದಳು, ಗುದ್ದಿದಳು, ಬೆರಳು ತರಚಿ ರಕ್ತ ಬಂತು. ಹಿಂದೆ ಕುರ್ಚಿ ಕಿರುಗುಟ್ಟಿತು, ಏನೋ ಧೊಪ್ಪನೆ ಬಿತ್ತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಕಾಣದ ಬಾಗಿಲನ್ನೇ ಬಡಿದಳು.

ಒಂದು ಬಂಡೆ ಒಳಕ್ಕೆ ತೆರೆದುಕೊಂಡಿತು. ಬೆಳಕು, ಒಗ್ಗರಣೆಯ ವಾಸನೆ, ಏಪ್ರನ್ ಕಟ್ಟಿದ ಐವತ್ತರ ಹೆಂಗಸು.

"ಏನಾತವಾ?"

"ಅತ್ತೀ... ಇನ್ಸುಲಿನ್... ಊಟ ಇಲ್ಲ..."

ಆ ಹೆಂಗಸು, ಅಲ್ಲಿನ ಅಡುಗೆಯಾಕೆ ಮುಮ್ತಾಜಬೇಗಂ, ಮುಂದೆ ಕೇಳಲಿಲ್ಲ. ಜೇನಿನ ಬಾಟಲಿ ಎಳೆದುಕೊಂಡು ಓಡಿದಳು. ನಾಗವ್ವ ನೆಲದ ಮೇಲೆ ಬಿದ್ದಿದ್ದಳು. ಶ್ವೇತಾ ನೀರಿನ ಲೋಟಕ್ಕೆ ಕೈ ಹಾಕಿದಾಗ ಮುಮ್ತಾಜ ಗದರಿದಳು.

"ನೀರ ಬ್ಯಾಡ! ಎಚ್ಚರಿಲ್ಲದವ್ರಿಗೆ ಗಂಟಲಾಗ ಸಿಕ್ಕೊಂತತಿ. ಮಗ್ಗಲಿಗೆ ಹೊಳ್ಳಸು. ಅಳಬ್ಯಾಡ, ಹಿಡಿ ತಲಿ. ನಮ್ಮ ಮನೆಯವ್ರಿಗೂ ಇದ ರೋಗ ಐತಿ. ಏ ಮುಬಶೀರ, ನರ್ಸಮ್ಮಗ ಫೋನ್ ಹಚ್ಚೋ!"

ಬೆರಳಿಗೆ ಜೇನು ಹಚ್ಚಿಕೊಂಡು ನಾಗವ್ವನ ಕೆನ್ನೆಯ ಒಳಗೆ, ವಸಡಿಗೆ ಸವರಿದಳು. ಮತ್ತೆ ಸವರಿದಳು. ಶ್ವೇತಾ ತೊಡೆಯ ಮೇಲಿನ ಆ ತಲೆಯನ್ನು ಹಿಡಿದುಕೊಂಡು ಉಸಿರು ಬರುವುದನ್ನೇ ಕೇಳುತ್ತ ಕೂತಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತುಂಬ ದೂರವಿತ್ತು. ಪ್ರತಿಸಲವೂ ಇದೇ ಕೊನೆಯದು ಅನಿಸುತ್ತಿತ್ತು.

ರೆಸಾರ್ಟಿನ ನರ್ಸು ಬಂದಳು, ಬೆರಳು ಚುಚ್ಚಿ ನೋಡಿದಳು. "ಸಕ್ಕರಿ ನಲವತ್ತೊಂದಕ್ಕ ಇಳದೈತಿ," ಎಂದು ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದಳು.

ನಾಗವ್ವನ ರೆಪ್ಪೆ ಅಲುಗಿತು. ಮುಖ ಕಿವುಚಿತು. "ಯಾರಬೇ ನನ್ನ ಬಾಯಾಗ ಬೆರಳ ಹಾಕಿದಾಕಿ? ಕಚ್ಚಲೇನು?"

"ಕಚ್ಚರಿ ಅಕ್ಕಾರ, ಕಚ್ಚೋವಷ್ಟು ಬಲ ಬಂದ್ರ ಸಾಕು," ಎಂದು ಮುಮ್ತಾಜ ಗೋಡೆಗೊರಗಿ ಬೆವರು ಒರೆಸಿಕೊಂಡಳು.

ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನಾಗವ್ವ ಮುಮ್ತಾಜಳ ಡಬ್ಬಿಯ ಚಪಾತಿಯನ್ನು ಜೇನಿಗೆ ಅದ್ದಿ ತಿನ್ನುತ್ತಿದ್ದಾಗ ಸುದ್ದಿ ಮುಟ್ಟಿ ಮೃತ್ಯುಂಜಯ ಓಡಿಬಂದ. ಕೊರಳಲ್ಲಿ ಮೀಟಿಂಗಿನ ಬಿಲ್ಲೆ ಇನ್ನೂ ಜೋತಾಡುತ್ತಿತ್ತು.

"ಏನಾತು? ಹೊತ್ತು ತಪ್ಪಿತೇನು?"

ಶ್ವೇತಾ ಎದ್ದು ನಿಂತಳು. "ಖಾಲಿ ತಾಟ ಇಟ್ಟಿದ್ರು. ಅತ್ತಿ ಅದನ್ನ ನೋಡಿ ಚುಚ್ಚಿಕೊಂಡಾರ. ನಾ ನೋಡ್ಲಿಲ್ಲ. ಆಮ್ಯಾಲ ಅವ್ರು ಬಡಬಡಿಸಾಕತ್ತಾಗ ದೆವ್ವ ಅಂತ ತಿಳ್ಕೊಂಡು ಸುಮ್ನ ಕುಂತೆ. ಭಾಳ ಹೊತ್ತು ಕುಂತೆ."

ಮೃತ್ಯುಂಜಯ ಅವ್ವನ ಪಕ್ಕದಲ್ಲಿದ್ದ ಇನ್ಸುಲಿನ್ ಪೆನ್ನಿನ ಚೀಲವನ್ನೆತ್ತಿ ತನ್ನ ಜೇಬಿಗೆ ಹಾಕಿಕೊಂಡ.

"ಅದನ್ನ ಆಕೀಗೆ ಕೊಡು," ಎಂದಳು ನಾಗವ್ವ ಚಪಾತಿ ಅಗಿಯುತ್ತ.

"ಅವ್ವಾ, ಇವತ್ತ ನೀ..."

"ನೀ ನಾಳೆಯಿಂದ ಅಂಗಡ್ಯಾಗ ಇರಾಂವ. ಮನ್ಯಾಗ ನನ್ನ ಮುಂದ ಇರಾಕಿ ಆಕಿ. ಹೆದರ್ಯಾಳ. ಹೆದರಿದಾಕಿ ಇನ್ನ ಮರಿಯಂಗಿಲ್ಲ. ಕೊಡು."

ಅವನು ಹೆಂಡತಿಯ ಮುಖ ನೋಡಿದ. ಜೇಬಿನಿಂದ ಚೀಲ ತೆಗೆದು ಮುಂದೆ ಹಿಡಿದ. ಶ್ವೇತಾ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ಅಂಗೈಯಗಲದ ಚೀಲ, ಭಾರವೇ ಇಲ್ಲ. ಅದನ್ನು ಎದೆಗವಚಿಕೊಂಡು, ಮತ್ತೆ ಅತ್ತೆಯ ಪಕ್ಕದಲ್ಲಿ ಕೂತು, ಅವಳು ಇನ್ನೊಂದು ತುತ್ತು ನುಂಗುವವರೆಗೂ ತಾನು ಉಸಿರು ಬಿಡಲಿಲ್ಲ.