ಅಕ್ಕ ಇಲ್ಲದ್ದು ಮೂವತ್ತೇಳು

ಎಷ್ಟು ಬಾಚಿದರೂ ತಮ್ಮನ ನೆತ್ತಿಯ ಮೇಲಿನ ಗೆರೆ ಹೋಗಲೊಲ್ಲದು. ಅಕ್ಕ ಬಾಚಣಿಗೆಯನ್ನು ನೀರಿನಲ್ಲಿ ಅದ್ದಿ ಮತ್ತೊಮ್ಮೆ ಎಳೆದಳು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲು ತಗ್ಗಾಗಿ ಕೂತುಬಿಟ್ಟಿತ್ತು. ಇಪ್ಪತ್ತು ವರ್ಷ ಹೆಡ್‌ಫೋನ್ ಹೊತ್ತ ತಲೆ ಅದು.

"ಬಿಡಿ ಮೇಡಂ, ಒಂದು ಟೋಪಿ ಹಾಕಿಬಿಡೋಣ," ಎಂದ ಶವಾಗಾರದ ಕೆಲಸಗಾರ, ಗಡಿಯಾರ ನೋಡುತ್ತ.

"ಅವನು ಜನ್ಮದಲ್ಲಿ ಯಾರಿಗೂ ಟೋಪಿ ಹಾಕಿದೋನಲ್ಲ ಕಣಪ್ಪ, ಈಗ ಅವನಿಗೇ ಯಾಕೆ," ಎಂದಳು ಮೂಲೆಯ ಕುರ್ಚಿಯಲ್ಲಿದ್ದ ಚಿಕ್ಕಮ್ಮ. ತನ್ನ ಮಾತಿಗೆ ತಾನೇ ಅರ್ಧ ನಕ್ಕು, ಆ ನಗು ಮುಗಿಯುವ ಮೊದಲೇ ಸೆರಗು ಬಾಯಿಗೊತ್ತಿ ಅತ್ತಳು.

ಅಕ್ಕ ಅಳಲಿಲ್ಲ. ಅವಳದು ಕನ್ನಡಕದ ಅಂಗಡಿ. ಓರೆಯಾದದ್ದನ್ನು ಕಂಡರೆ ಅವಳ ಕೈ ತಾನಾಗಿಯೇ ಹೋಗುತ್ತದೆ. ಬೆಳಗಿನಿಂದ ತಮ್ಮನ ಕಾಲರು ಸರಿಮಾಡಿದ್ದಾಳೆ, ತೋಳಿನ ಮಡಿಕೆ ಬಿಡಿಸಿದ್ದಾಳೆ. ಆರು ವರ್ಷ ಮಾತು ಬಿಟ್ಟಿದ್ದವಳಿಗೆ ಇಂಥ ದಿನ ಮಾಡಲು ಇನ್ನೇನು ತಾನೇ ಉಳಿದಿರುತ್ತದೆ?

ಮೊನ್ನೆ ಬೆಳಗ್ಗೆ ಹತ್ತು ಗಂಟೆಗೆ ಸ್ಟುಡಿಯೋದ ಕುರ್ಚಿಯಲ್ಲಿ ಕೂತಂತೆಯೇ ಅವನ ಎದೆಬಡಿತ ನಿಂತುಹೋಗಿತ್ತು. ನಲವತ್ತೊಂದು ವರ್ಷ. ಅವನು ಕಂಪ್ಯೂಟರಿನಲ್ಲಿ ಡಾನ್ಸ್ ಹಾಡುಗಳನ್ನು ಕಟ್ಟುತ್ತಿದ್ದ. ಅದೇನು ಕೆಲಸವೆಂದು ಚಿಕ್ಕಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ. "ಹಾಡೋದೂ ಇಲ್ಲ, ಬಾರಿಸೋದೂ ಇಲ್ಲ. ಮದುವೆ ಊಟಕ್ಕೆ ಅಡುಗೆಯವನು ಬರೀ ಸೌಟು ತೋರಿಸಿದ ಹಾಗೆ," ಎಂದು ಅವನ ಮುಖಕ್ಕೇ ಹೇಳುತ್ತಿದ್ದಳು. ಅವನು ನಗುತ್ತಿದ್ದ. ವರ್ಷದ ಮುಕ್ಕಾಲು ಪಾಲು ಅವನು ಮಾಡುತ್ತಿದ್ದದ್ದು ಸೋಪಿನ ಜಾಹೀರಾತಿಗೆ ಹತ್ತು ಸೆಕೆಂಡಿನ ಸಂಗೀತ, ಜಿಮ್ಮಿನಲ್ಲಿ ಓಡುವವರಿಗೆ ಒಂದು ಗಂಟೆಯ ಸದ್ದು. ಹೆಸರು ತಂದದ್ದು ಒಂದೇ ಹಾಡು. ಒಂದೆಡೆ ಕೂರದ ಹುಡುಗನೆಂದು ಅಪ್ಪ ಅವನನ್ನು ಗಿರಗಿಟ್ಲೆ ಎಂದು ಕರೆಯುತ್ತಿದ್ದರು. ಪೋಸ್ಟರುಗಳ ಮೇಲೂ ಅವನು ಅದನ್ನೇ ಹಾಕಿಸಿಕೊಂಡಿದ್ದ.

ಬಾಗಿಲು ತಟ್ಟಿ ಮೀಸೆ ಒಳಗೆ ಬಂದ. ತಮ್ಮನ ಜೊತೆ ಹದಿನೈದು ವರ್ಷ ಕೆಲಸ ಮಾಡಿದ ಸೌಂಡ್ ಇಂಜಿನಿಯರ್ ಅವನು. ಮೀಸೆ ಬೋಳಿಸಿ ಹತ್ತು ವರ್ಷವಾಗಿದ್ದರೂ ಹೆಸರನ್ನು ಬೋಳಿಸಲು ಯಾರಿಂದಲೂ ಆಗಿರಲಿಲ್ಲ. ಕಂಕುಳಲ್ಲಿ ತಮ್ಮನ ಲ್ಯಾಪ್‌ಟಾಪ್ ಇತ್ತು.

"ಅಕ್ಕಾ, ಹೊರಗೆ ಇನ್ನೂರು ಜನ ಆಗಿದಾರೆ. ಅಂತಿಮ ದರ್ಶನದ ಹಾಲಲ್ಲಿ ಅರವತ್ತು ಕುರ್ಚಿ ಅಷ್ಟೇ. ಮಿಕ್ಕೋರಿಗೆ ಅಂಗಳದಲ್ಲಿ ಸ್ಪೀಕರ್ ಇಟ್ಟಿದೀನಿ. ಎಲ್ಲರೂ ಒಂದೇ ಹಾಡು ಕೇಳ್ತಿದಾರೆ."

"ಅದೊಂದು ಬೇಡ."

"ಅವನನ್ನ ಕಳಿಸಿಕೊಡೋಕೆ—"

"ಬೇಡ ಅಂದ್ನಲ್ಲ. ನನ್ನ ದನಿ ಮೇಲೆ ಕುಣಿದದ್ದು ಸಾಲದಾ? ಅವನ ಶವಪೆಟ್ಟಿಗೆ ಮುಂದೆಯೂ ಕುಣೀಬೇಕಾ?"

ಮೀಸೆ ತಲೆ ತಗ್ಗಿಸಿದ. ಕನ್ನಡಕ ಮೂಗಿನ ತುದಿಗೆ ಜಾರಿತು.

*

ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ರಜೆಯಲ್ಲಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ ಎತ್ತರದ ಕಟ್ಟಡಗಳ ಮೋಟಾರಿನ ಕೋಣೆಯಲ್ಲಿ ಕೂರಿಸುತ್ತಿದ್ದರು. "ಯಂತ್ರ ಕೆಡೋಕ್ಕೆ ಮೊದಲು ಹೇಳೇ ಹೇಳತ್ತೆ. ಕೇಳಿಸ್ಕೊಳ್ಳೋ ಕಿವಿ ಬೇಕು," ಅನ್ನುತ್ತಿದ್ದರು. ಅಕ್ಕನಿಗೆ ಅಲ್ಲಿ ಎಣ್ಣೆಯ ವಾಸನೆ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ತಮ್ಮ ಕಣ್ಣು ಮುಚ್ಚಿ, ಡಬ್ಬಿಯ ಮುಚ್ಚಳದ ಮೇಲೆ ಬೆರಳು ಬಡಿಯುತ್ತ, "ಅಪ್ಪಾ, ಮೂರನೇದು ಕುಂಟ್ತಾ ಇದೆ," ಎನ್ನುತ್ತಿದ್ದ. ಅಪ್ಪ ಹೋಗಿ ನೋಡಿದರೆ ನಿಜವೇ ಆಗಿರುತ್ತಿತ್ತು. ಆ ಹೆಮ್ಮೆಗೆ ಅಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದೇ ಅಪ್ಪ ಏಳು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಮಲಗಿ, ಎರಡು ಉಸಿರಿನ ನಡುವೆ "ಗಿರಗಿಟ್ಲೆ ಎಲ್ಲಿ?" ಎಂದು ಕೇಳಿದರು. ಅಕ್ಕ ಹನ್ನೊಂದು ಸಲ ಫೋನ್ ಮಾಡಿದಳು. ಸ್ಟುಡಿಯೋದಲ್ಲಿ ಫೋನ್ ಆನ್ ಇದ್ದರೆ ಮೈಕಿನೊಳಗೆ ಗುಂಯ್‌ಗುಟ್ಟುತ್ತದೆಂದು ಅವನೂ ಮೀಸೆಯೂ ಆಫ್ ಮಾಡಿ ಡ್ರಾಯರಿಗೆ ಹಾಕುತ್ತಿದ್ದರು. ಕೊನೆಗೆ ಅವಳು ತನ್ನ ದನಿಯಲ್ಲಿ ಸಂದೇಶ ಬಿಟ್ಟಳು: "ಎಲ್ಲಿದೀಯೋ? ಅಪ್ಪ ಕೇಳ್ತಿದಾರೆ. ಬೇಗ ಬಾ." ಕೊನೆಯ ಎರಡು ಮಾತಿಗೆ ಅವಳ ದನಿ ಒಡೆದಿತ್ತು.

ಅಪ್ಪ ನಾಲ್ಕು ಗಂಟೆಗೆ ಹೋದರು. ತಮ್ಮ ಬಂದದ್ದು ಆರೂವರೆಗೆ.

ಅದನ್ನೂ ಅವಳು ನುಂಗಿಕೊಂಡಿದ್ದಳು. ಒಂದು ವರ್ಷದ ಮೇಲೆ ಅಂಗಡಿಯಲ್ಲಿ ಒಬ್ಬ ಕಾಲೇಜು ಹುಡುಗಿಯ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಹುಡುಗಿ ನಾಲ್ಕನೆಯ ಸಾಲು ಓದುತ್ತಿದ್ದಾಗ ಅವಳ ಫೋನ್ ರಿಂಗಾಯಿತು. ಧಡ್ ಧಡ್ ಧಡ್ ಧಡ್ ಎಂಬ ಪೆಟ್ಟು, ಪೆಟ್ಟು ನಿಂತ ಜಾಗದಲ್ಲಿ ಅಕ್ಕನ ಒಡೆದ ದನಿ: "ಬೇಗ ಬಾ." ಮತ್ತೆ ಪೆಟ್ಟು. ಮತ್ತೆ "ಬೇಗ ಬಾ."

"ಏನದು?" ಎಂದಳು ಅಕ್ಕ.

"ಅಯ್ಯೋ, ಗೊತ್ತಿಲ್ವಾ ಆಂಟಿ? ಗಿರಗಿಟ್ಲೆದು! ಲವರ್‌ನ ಕರೆಯೋ ಹಾಡು. ಅದು ಬಂದ್ರೆ ಯಾರೂ ಕೂರಲ್ಲ."

ಅಕ್ಕ ಅಂಗಡಿಗೆ ಬೀಗ ಜಡಿದು ನೇರ ಸ್ಟುಡಿಯೋಗೆ ಹೋದಳು. ತಮ್ಮ ಎದ್ದು ನಿಂತ. ಅವಳು ಏಕೆ ಬಂದಿದ್ದಾಳೆಂದು ಅವನಿಗೆ ಕೇಳಬೇಕಾಗಿರಲಿಲ್ಲ.

"ಅಪ್ಪ ಸಾಯ್ತಾ ಇದ್ದಾಗಿನ ದನಿ ಕಣೋ ಅದು. ಮಾರ್ಕೊಂಡ್ಯಲ್ಲೋ."

"ಅಕ್ಕಾ, ನಾನು—"

"ತೆಗಿ. ನನ್ನ ದನಿ ತೆಗಿ ಅದರಿಂದ. ಅಲ್ಲೀವರೆಗೂ ನನ್ನ ಮನೆ ಮೆಟ್ಟಿಲು ಹತ್ತಬೇಡ."

"ತೆಗೀತೀನಿ," ಎಂದಿದ್ದ ಅವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಡು ಅಷ್ಟರಲ್ಲಿ ಸಾವಿರಾರು ಫೋನುಗಳಲ್ಲಿತ್ತು. ಅದನ್ನು ವಾಪಸು ಕರೆಯುವುದು ಯಾರ ಕೈಲೂ ಆಗುವುದಲ್ಲ ಎಂದು ಇಬ್ಬರಿಗೂ ತಿಳಿದಿತ್ತು. ಅವಳೂ ಸೋಲಲಿಲ್ಲ, ಅವನೂ ಮೆಟ್ಟಿಲು ಹತ್ತಲಿಲ್ಲ.

*

"ಹಾಡು ಹಾಕಲ್ಲ. ಸರಿ," ಎಂದ ಮೀಸೆ. "ಆದ್ರೆ ಇದೊಂದು ನೋಡಿ. ಮೊನ್ನೆ ನಾನು ಹೋಗಿ ಸ್ಟುಡಿಯೋ ಬಾಗಿಲು ತೆಗೆದಾಗ ಸ್ಕ್ರೀನ್ ಮೇಲೆ ಇದ್ದದ್ದು ಇದು."

ಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಅವನು ಲ್ಯಾಪ್‌ಟಾಪ್ ತೆರೆದ. ಫೈಲುಗಳ ಉದ್ದನೆಯ ಪಟ್ಟಿ. ಅಕ್ಕ ಇಲ್ಲದ್ದು ಒಂದು. ಅಕ್ಕ ಇಲ್ಲದ್ದು ಎರಡು. ಅಕ್ಕ ಇಲ್ಲದ್ದು ಮೂರು. ಪಟ್ಟಿ ಕೆಳಗೆ ಕೆಳಗೆ ಹೋಗುತ್ತಲೇ ಇತ್ತು.

"ಏನಿದೆಲ್ಲ?"

"ನೀವು ಬೈದು ಹೋದ್ರಲ್ಲ, ಅವತ್ತಿಂದ. ನಿಮ್ಮ ದನಿ ತೆಗೆದು ಬೇರೆ ಏನಾದ್ರೂ ಇಡಬೇಕು, ಹೊಸ ಹಾಡು ಬಿಡಬೇಕು, ಜನ ಹಳೇದನ್ನ ಮರೀಬೇಕು. ಅದು ಅವನ ಲೆಕ್ಕಾಚಾರ. ಒಂಬತ್ತು ಜನ ಹಾಡುಗಾರ್ತಿಯರನ್ನ ಕರೆಸಿದ್ದ. ಒಬ್ಬಳು ಚೆನ್ನಾಗೇ ಹಾಡಿದ್ಲು ಕೂಡ. 'ಇಲ್ಲ ಮೀಸೆ, ಇವಳಿಗೆ ಅವಸರ ಇಲ್ಲ,' ಅಂದ. ಕೊಳಲು ಇಟ್ಟ, ಗಂಟೆ ಇಟ್ಟ. ತಾನೇ ಹಾಡ್ದ, ಕತ್ತೆ ಥರ ಇತ್ತು."

ಚಿಕ್ಕಮ್ಮ ಮೂಲೆಯಿಂದ, "ಹಾಡ್ತಿದ್ನಾ ಹಾಗಾದ್ರೆ," ಎಂದಳು, ಮೆಲ್ಲಗೆ.

"ಮೂರು ವರ್ಷದಿಂದ ಅವನಿಗೆ ಕೀರಲು ಸದ್ದೆಲ್ಲ ಕೇಳಿಸ್ತಾನೇ ಇರಲಿಲ್ಲ ಅಕ್ಕಾ. ಕಿವಿ ಹೋಗಿತ್ತು. ಯಾರಿಗೂ ಹೇಳಬೇಡ ಅಂದಿದ್ದ. 'ಇಲ್ಲಿ ಏನಾದ್ರೂ ಇದೆಯಾ ಮೀಸೆ, ಇಲ್ಲಿ?' ಅಂತ ನನ್ನ ಕೇಳ್ಕೊಂಡು ಕೇಳ್ಕೊಂಡು ಕೆಲಸ ಮಾಡ್ತಿದ್ದ."

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ಮೊದಲು ಯಾಕೆ ಹಾಕ್ದ ನನ್ನ ದನೀನ? ಅದನ್ನ ಹೇಳು ನನಗೆ."

ಮೀಸೆ ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ತಗ್ಗಿಸಿದ. "ಅಪ್ಪ ಹೋದ ಮೇಲೆ ಅವನು ಆ ಸಂದೇಶಾನ ದಿನಾ ಕೇಳ್ತಿದ್ದ. ಬೆಳಗ್ಗೆ ಬಂದ ತಕ್ಷಣ, ಊಟದ ಮೇಲೆ, ಮನೆಗೆ ಹೋಗೋ ಮುಂಚೆ. ಒಂದಿನ ನೋಡ್ತೀನಿ, ಕೇಳ್ತಾ ಕೇಳ್ತಾ ಬೆರಳು ಮೇಜಿನ ಮೇಲೆ ಬಡೀತಾ ಇದೆ. ಬೇರೆಯವರು ಅಳ್ತಾರೆ. ಅವನಿಗೆ ಅದು ಬರ್ತಿರಲಿಲ್ಲ. ಅವನಿಗೆ ಬರ್ತಿದ್ದದ್ದು ಇದೊಂದೇ."

ಅವಳಿಗೆ ಸಿಟ್ಟು ಬಂದಿತು. ಇದನ್ನು ಅವನೇ ಬಂದು ಹೇಳಬಹುದಿತ್ತಲ್ಲ, ಬಾಗಿಲಲ್ಲಿ ನಿಂತು ಕೂಗಿಯಾದರೂ ಹೇಳಬಹುದಿತ್ತಲ್ಲ, ಎಂದುಕೊಂಡಳು. ಮೆಟ್ಟಿಲು ಹತ್ತಬೇಡ ಎಂದವಳು ತಾನೇ ಎಂಬುದೂ ಅದರ ಹಿಂದೆಯೇ ಬಂತು.

"ಕೊನೇದರಲ್ಲಿ ಏನಿಟ್ಟಿದಾನೆ? ಮೂವತ್ತೇಳರಲ್ಲಿ?"

"ಏನೂ ಇಲ್ಲ. ನಿಮ್ಮ ದನಿ ಇದ್ದ ಜಾಗಾನ ಹಾಗೇ ಖಾಲಿ ಬಿಟ್ಟಿದಾನೆ. ಅಲ್ಲಿ ತಾಳ ಕೂಡ ಇಲ್ಲ. ಕೆಲಸ ಗೊತ್ತಿರೋರು ಯಾರೂ ಹಾಗೆ ಮಾಡಲ್ಲ ಅಕ್ಕಾ, ಕುಣಿಯೋರ ಕಾಲಡಿ ನೆಲ ಕಿತ್ತ ಹಾಗೆ."

ಅಕ್ಕ ಕೈಚಾಚಿ ಮೀಸೆಯ ಕನ್ನಡಕ ತೆಗೆದಳು. ಮೂಗಿನ ಮೇಲೆ ಕೂರುವ, ಕಾಡಿಗೆಯಂತೆ ಕಪ್ಪಾದ ಪುಟ್ಟ ಗುಂಡಿಗಳನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿ, ಮತ್ತೆ ಅವನ ಮುಖಕ್ಕೆ ಇಟ್ಟಳು.

"ಅದನ್ನ ಹಾಕು," ಎಂದಳು. "ಆದ್ರೆ ಹೊರಗಿನೋರಿಗೆ ಹೇಳು, ಯಾರೂ ಹಾಡಬಾರದು. ಮನೆಯವರು ಕೇಳ್ಕೊಂಡಿದಾರೆ ಅನ್ನು."

*

ಪೆಟ್ಟಿಗೆಯನ್ನು ತಂದಿಟ್ಟ ಹಾಲಿನ ಒಂದು ಗೋಡೆ ಪೂರ್ತಿ ಗಾಜು. ಅದರಾಚೆ ಅಂಗಳದಲ್ಲಿ ಜನ ಒತ್ತೊತ್ತಾಗಿ ನಿಂತಿದ್ದರು. ಕೂದಲಿಗೆ ಹಸಿರು ಬಣ್ಣ ಹಾಕಿದವರು, ಆಫೀಸಿನ ಐಡಿ ಕಾರ್ಡು ಕೊರಳಲ್ಲೇ ಇದ್ದವರು, ಕಂಕುಳಲ್ಲಿ ಮಗು ಎತ್ತಿಕೊಂಡವಳೊಬ್ಬಳು, ಹೆಲ್ಮೆಟ್ ಎದೆಗೆ ಒತ್ತಿಕೊಂಡ ನರೆಗೂದಲಿನವನೊಬ್ಬ. ಇವರೆಲ್ಲ ತನ್ನ ತಮ್ಮನ ಜನ ಎಂದು ಅಕ್ಕನಿಗೆ ನಂಬುವುದು ಕಷ್ಟವಾಯಿತು. ಅವನ ಕಡೆಯಿಂದ ಮನೆಗೆ ಯಾರೂ ಬಂದದ್ದೇ ಇಲ್ಲ, ಬಂದಿದ್ದರೆ ಇವಳು ಬಿಡುತ್ತಲೂ ಇರಲಿಲ್ಲ.

ಮೀಸೆ ಹಾಲಿನ ಮೂಲೆಯಲ್ಲಿ ಕೂತು ಗುಂಡಿ ಒತ್ತಿದ.

ಹಾಡು ಮೆಲ್ಲಗೆ ಎದ್ದಿತು. ಈ ಹಾಡನ್ನು ಅವಳು ಪೂರ್ತಿ ಕೇಳಿರಲೇ ಇಲ್ಲ, ಕಿವಿಗೆ ಬಿದ್ದಲ್ಲೆಲ್ಲ ಎದ್ದು ಹೋಗಿದ್ದಳು. ಕುಣಿಯುವ ಹಾಡೆಂದರೆ ಕೂಗಾಟ ಎಂದುಕೊಂಡಿದ್ದಳು. ಇದು ಯಾರೋ ಉದ್ದನೆಯ ಓಣಿಯಲ್ಲಿ ಓಡಿ ಬರುತ್ತಿರುವ ಹಾಗಿತ್ತು. ಪೆಟ್ಟು ಹತ್ತಿರವಾಗುತ್ತ ಬಂತು, ಕುರ್ಚಿಯ ಕಾಲಿನಿಂದ ಅವಳ ಮೊಣಕಾಲಿಗೆ ಏರಿತು. ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡಳು.

ಎಲ್ಲ ನಿಂತಿತು.

ಆ ಖಾಲಿ ಜಾಗದಲ್ಲಿ ಅಕ್ಕನಿಗೆ ತನ್ನ ಉಸಿರು ತನಗೇ ಕೇಳಿಸಿತು. ಅವನು ಎಷ್ಟು ಜೋಪಾನವಾಗಿ ತೆಗೆದಿದ್ದ! ಅವಳ ದನಿಯ ಒಂದು ಎಳೆಯೂ ಉಳಿದಿರಲಿಲ್ಲ. ಕೇಳಿದ್ದನ್ನು ಕೊಟ್ಟೇಬಿಟ್ಟಿದ್ದ. ಅದು ತನಗೆ ಬೇಡವಾಗಿತ್ತೆಂದು ಅವಳಿಗೆ ಆಗ ತಿಳಿಯಿತು.

ತಲೆಯೆತ್ತಿದಾಗ ಗಾಜಿನಾಚೆ ತುಟಿಗಳು ಆಡುತ್ತಿದ್ದವು. ಹೆಲ್ಮೆಟ್ಟಿನವನದು, ಹಸಿರು ಕೂದಲಿನವರದು, ಮಗುವಿನ ತಾಯಿಯದು. ಎಲ್ಲವೂ ಒಟ್ಟಿಗೆ ತೆರೆದು, ಒಟ್ಟಿಗೆ ಮುಚ್ಚಿದವು. ಪೆಟ್ಟಿನ ಓಟ ಮತ್ತೆ ಶುರುವಾಯಿತು.

ಅಕ್ಕ ಎದ್ದಳು. ಗಾಜಿನ ಬಾಗಿಲು ಭಾರವಾಗಿತ್ತು, ಭುಜ ಕೊಟ್ಟು ದೂಡಿದಳು. ಅಬ್ಬರ ಮೈಮೇಲೆ ಬೀಳುತ್ತದೆಂದು ಕಾದು ನಿಂತರೆ, ಪೆಟ್ಟು ನಿಂತಾಗ ಅಂಗಳದಲ್ಲಿ ಒಂದು ಪಿಸುಮಾತೂ ಇರಲಿಲ್ಲ. ಅಷ್ಟೂ ಬಾಯಿಗಳು ಸದ್ದಿಲ್ಲದೆ ಅವಳ ಮಾತನ್ನು ಆಡುತ್ತಿದ್ದವು. ಹಾಡಬೇಡಿ ಎಂದಿದ್ದಳಲ್ಲ, ಯಾರೂ ಹಾಡಿರಲಿಲ್ಲ. ಅವಳನ್ನು ಕಂಡು ಹೆಲ್ಮೆಟ್ಟಿನವನು ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಅಕ್ಕ ಹತ್ತಿರ ಹೋಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಜೋರಾಗಿ," ಎಂದಳು. "ಅವನಿಗೆ ಕಿವಿ ಮಂದ ಆಗಿತ್ತಂತೆ."

ಪೆಟ್ಟು ಓಡಿ ಬಂತು, ಬಂತು, ನಿಂತಿತು. ಒಂದು ಕ್ಷಣ ಯಾರಿಗೂ ಧೈರ್ಯವಾಗಲಿಲ್ಲ. ಆಮೇಲೆ ತಾಳ ತಪ್ಪಿ, ಕೂದಲೆಳೆಯಷ್ಟು ತಡವಾಗಿ, ಇಡೀ ಅಂಗಳ ಅವನನ್ನು ಕರೆಯಿತು. ಬಾಗಿಲು ಮುಚ್ಚಿಕೊಳ್ಳದಂತೆ ಅಕ್ಕ ವಾಪಸು ಬಂದು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು, ಅವಳ ಬಾಯಿಯೂ ತೆರೆದಿತ್ತು.