ಒಗೆಯುವ ಕಲ್ಲು

ಕೈಗೆ ಸುತ್ತಿದ್ದ ಬಟ್ಟೆಯನ್ನು ಬಸ್ಸಿನಲ್ಲೇ ಬಿಚ್ಚಿ ಎಸೆಯಬೇಕಿತ್ತು ಎಂದು ಗಂಗಾಧರಯ್ಯನಿಗೆ ಹೊಳೆದದ್ದು, ಮನೆಯೊಡತಿ ಅಕ್ಕಯಮ್ಮ ಎದುರಿಗೆ ಬಂದು ನಿಂತ ಮೇಲೆ.

"ಬಂದ್ರಾ ಮೇಷ್ಟ್ರೇ? ಕೈಗೇನಾಯ್ತು, ಗುಂಡೇಟಾ?"

"ಅಂಥದ್ದೇನಿಲ್ಲ."

ಅದನ್ನು ವಿನಯವೆಂದುಕೊಂಡ ಆಕೆಗೆ ಗುಂಡೇಟೇ ಎಂಬುದು ಖಾತ್ರಿಯಾಯಿತು.

ಕಾಲೇಜಿನಲ್ಲಿ ಚರಿತ್ರೆ ಹೇಳುವ ಅವನೂ ಪಕ್ಕದ ಕೋಣೆಯ ಸೂಡಾನಿನ ವಿದ್ಯಾರ್ಥಿ ಯೂಸುಫನೂ ಲೆಬನಾನಿನ ಒಳಜಗಳದಲ್ಲಿ ಕಾದಾಡಲು ಹೊರಟಿದ್ದರು. ಇಬ್ಬರಿಗೂ ಅದು ಪರದೇಶ. ಹುಡುಗನ ತಲೆಗೆ ಅದನ್ನು ತುಂಬಿದವನು ಗಂಗಾಧರಯ್ಯನೇ. ಈ ಜರಗನಹಳ್ಳಿಯ ಜನ ಇಬ್ಬರಿಗೂ ಹಾರ ಹಾಕಿ ಕಳಿಸಿದರು. ಹುಡುಗ ಹೋದ. ಇವನು ನೀರು ತರುತ್ತೇನೆಂದು ರೈಲಿನಿಂದ ಇಳಿದು ಗಿರಿನಗರದ ಅಕ್ಕನ ಮನೆ ಸೇರಿದ. ಅಲ್ಲಿ ಕಿಟಕಿ ಮುಚ್ಚಿಕೊಂಡು ಕೂತ. ಸಾರಿನ ಪಾತ್ರೆ ಇಳಿಸುವಾಗ ಕೈ ಸುಟ್ಟುಕೊಂಡದ್ದೇ ಅವನು ಕಂಡ ಯುದ್ಧ.

"ಯೂಸುಫು?"

ನಾನು ಹೋಗಲೇ ಇಲ್ಲ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ.

"ಅವನು... ಅಲ್ಲೇ ಉಳಿದ."

ಅಕ್ಕಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಸತ್ತನೆಂದು ಅವನು ಹೇಳಿರಲಿಲ್ಲ. ಸತ್ತಿಲ್ಲವೆನ್ನಲೂ ಇಲ್ಲ. ಭಗವಂತ ಕೊಟ್ಟ ನಾಲಿಗೆ ಬಾಯಲ್ಲೇ ಇತ್ತು.

ಅವಳು ಅವನನ್ನು ಹಿತ್ತಲಿಗೆ ಕರೆದೊಯ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಸೋಪನ್ನು ತಿಕ್ಕಿ ತೊಳೆದಳು. ಹಳೆಯ ವೀರಗಲ್ಲು ಅದು. ಕತ್ತಿ ಹಿಡಿದ ಕೈ ಉಳಿದಿತ್ತು. ಮುಖ ಮಾತ್ರ ಒಗೆತಕ್ಕೆ ಸವೆದು ನುಣ್ಣಗಾಗಿತ್ತು.

"ಇವಯ್ಯನೂ ಯಾವೂರ್ ಜಗಳಕ್ಕೋ ಹೋಗಿ ಸತ್ತೋನಂತೆ. ಹುಡುಗನ್ ಹೆಸ್ರಲ್ಲಿ ಒಂದಿಷ್ಟು ಹಾಲು ಹುಯ್ಯಿರಿ. ಜೊತೇಲಿದ್ದೋರು ನೀವೊಬ್ರೇ ಅಲ್ವಾ."

ಅವಳು ಒಳಗಿಂದ ತಂದುಕೊಟ್ಟ ಲೋಟದ ಹಾಲನ್ನು ಹುಯ್ದ. ಕೈಗೆ ಸುತ್ತಿದ್ದ ಬಟ್ಟೆಯೂ ತೊಯ್ದಿತು.

"ನೆಂದೋಯ್ತು. ತನ್ನಿ ಇಲ್ಲಿ, ಒಗೆದು ಕೊಡ್ತೀನಿ."

ಅವನು ಕೈ ಹಿಂದಕ್ಕೆಳೆದುಕೊಳ್ಳುವ ಮೊದಲೇ ಅವಳು ಸುತ್ತು ಬಿಚ್ಚಿದಳು. ಬಟ್ಟೆಯಿಂದ ಇಂಗಿನ ವಾಸನೆ ಬಂತು. ಅಂಗೈಯಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ. ಅವಳು ಅದನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ನಮ್ ಮುನಿಯಕ್ಕನ್ಗೂ ಹಿಂಗೇ ಆಗಿತ್ತು. ಸಾರು ಬಿದ್ದು."

ಅವನು ಕಲ್ಲನ್ನೇ ನೋಡುತ್ತಿದ್ದ.

"ಹಂಗಾದ್ರೆ ಹುಡುಗ ಏನಾದ, ಮೇಷ್ಟ್ರೇ?"

ಅಕ್ಕಯಮ್ಮ ಬಟ್ಟೆಗೆ ಸೋಪು ಹಚ್ಚಿ ಆ ಕಲ್ಲಿನ ಮೇಲೇ ಎತ್ತಿ ಎತ್ತಿ ಬಡಿಯತೊಡಗಿದಳು. ಮುಖವಿಲ್ಲದ ಜಾಗದಲ್ಲಿ ಹಾಲೂ ನೊರೆಯೂ ಬೆರೆತು, ಯಾವುದು ಯಾವುದೆಂದು ತಿಳಿಯದಂತೆ ಕೆಳಗಿಳಿದವು.